ಬಾಡಿಗೆ ಕೋಣೆಗಳನ್ನು ಬಿಟ್ಟ ಪಟ್ಟಿ: ಹಾಸನದ ಅಂಚಿನ ಒಂದು ಗ್ರಾಮದ ಪ್ರಕರಣ ಅಧ್ಯಯನ

ಹಾಸನ ನಗರದ ಅಂಚಿಗೆ ತಾಗಿಕೊಂಡು ಬೆಳೆಯುತ್ತಿದ್ದ, ಆದರೆ ಗ್ರಾಮ ಪಂಚಾಯಿತಿಯ ಆಡಳಿತದಲ್ಲೇ ಇದ್ದ ಒಂದು ಚಿಕ್ಕ ಊರಿನ ಜೀವನ ಸ್ಥಿತಿಯನ್ನು ಈ ಬರಹ ದಾಖಲಿಸುತ್ತದೆ. 2024ರ ಬೇಸಿಗೆಯಲ್ಲಿ ಅಲ್ಲಿ ನೀರಿಗಾಗಿ ಹುಟ್ಟಿದ ಜಗಳ ಊರಿನ ಒಳರಚನೆಯನ್ನು ಹೇಗೆ ಹೊರಗೆಳೆದು ತೋರಿಸಿತು ಎಂಬುದೇ ಇದರ ಕೇಂದ್ರ ವಿಷಯ. ಸಮಾಜಕಾರ್ಯ ವಿದ್ಯಾರ್ಥಿಗಳ ಕ್ಷೇತ್ರಕಾರ್ಯಕ್ಕೆ ಮಾರ್ಗದರ್ಶನ ಮಾಡುವ ಅಧ್ಯಾಪಕಿಯಾಗಿ ನಾನು ಈ ಕೆಲಸದಲ್ಲಿ ಮೊದಲಿನಿಂದ ಕೊನೆಯವರೆಗೆ ಇದ್ದೆ. ಗ್ರಾಮದ ಹೆಸರು, ಅದು ನಗರದ ಯಾವ ದಿಕ್ಕಿಗಿದೆ ಎಂಬುದು, ಜನರ ಹೆಸರುಗಳು, ಮನೆಗಳ ನಿಖರ ಸಂಖ್ಯೆ ಇವೆಲ್ಲವನ್ನೂ ಬೇಕೆಂದೇ ಬಿಟ್ಟಿದ್ದೇನೆ. ಕೆಲವು ಗುರುತುಗಳನ್ನು ಬದಲಿಸಿದ್ದೇನೆ. ಊರು ಎಷ್ಟು ಚಿಕ್ಕದೆಂದರೆ ಇನ್ನೆರಡು ವಿವರ ಸೇರಿದರೂ ಯಾರು ಏನು ಮಾತಾಡಿದರೆಂಬುದು ಸುತ್ತಲಿನವರಿಗೆ ತಿಳಿದುಹೋಗುತ್ತದೆ, ಮತ್ತು ಇಲ್ಲಿ ಮಾತಾಡಿದವರಲ್ಲಿ ಅನೇಕರು ತಮ್ಮ ಮನೆ ಮಾಲೀಕರ ಎದುರಿಗೇ ಮಾತಾಡಿದವರು.

ಹಿನ್ನೆಲೆ

ಹಾಸನ ಜಿಲ್ಲೆಗೆ ಪಶ್ಚಿಮದಲ್ಲಿ ಸಕಲೇಶಪುರದ ಮಲೆನಾಡೂ ಪೂರ್ವದಲ್ಲಿ ಅರಸೀಕೆರೆ, ಚನ್ನರಾಯಪಟ್ಟಣಗಳ ಬಯಲುಸೀಮೆಯೂ ಇವೆ. ನಗರ ನಿಂತಿರುವುದು ಇವೆರಡರ ನಡುವಿನ ಅರೆಮಲೆನಾಡಿನ ಕೆಂಪು ನೆಲದಲ್ಲಿ. ನಾವು ನೋಡಿದ ಗ್ರಾಮ ಒಂದು ತಲೆಮಾರಿನ ಹಿಂದಿನವರೆಗೆ ಈ ಭಾಗದ ಇತರ ಹಳ್ಳಿಗಳಂತೆಯೇ ಮುಂಗಾರಿನಲ್ಲಿ ಆಲೂಗಡ್ಡೆ, ಹೊಲದಲ್ಲಿ ರಾಗಿ, ಕೆರೆಯ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆದು ಬದುಕುತ್ತಿತ್ತು. ಪಂಜಾಬಿನ ಜಲಂಧರಿನಿಂದ ಬರುವ ಬಿತ್ತನೆ ಗೆಡ್ಡೆಯನ್ನು ಹಾಸನದ ಎಪಿಎಂಸಿಯಲ್ಲಿ ಕೊಂಡು ತಂದು, ಮುಂಗಾರಿನ ಮೊದಲ ಮಳೆಗಳಿಗೆ ಬಿತ್ತುವುದು ವಾಡಿಕೆ. ಅಂಗಮಾರಿ ರೋಗ ವರ್ಷ ಬಿಟ್ಟು ವರ್ಷ ಬಂದು ಹೊಲ ಸುಟ್ಟ ಮೇಲೆ ಹಲವರು ಮುಸುಕಿನ ಜೋಳಕ್ಕೆ ಹೊರಳಿದರು, ಕೆಲವರು ಶುಂಠಿಗೆ ದುಡ್ಡು ಹಾಕಿದರು, ಇನ್ನು ಕೆಲವರು ಹೊಲವನ್ನೇ ಸೈಟು ಮಾಡಿದರು.

ಅದೇ ಕಾಲದಲ್ಲಿ ನಗರ ಊರಿನ ಕಡೆಗೆ ಬರುತ್ತಿತ್ತು. 1982ರಲ್ಲಿ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ, 2006ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು, 2017ರಲ್ಲಿ ಶ್ರವಣಬೆಳಗೊಳದ ಮೂಲಕ ಬೆಂಗಳೂರಿಗೆ ನೇರ ರೈಲು, ಇವುಗಳ ಜೊತೆಗೆ ಕೈಗಾರಿಕಾ ಪ್ರದೇಶದ ಸಿದ್ಧ ಉಡುಪು ಮತ್ತು ಜವಳಿ ಕಾರ್ಖಾನೆಗಳು. ಕಾಗದದ ಮೇಲೆ ಜಿಲ್ಲೆ ಬೆಳೆದಂತೆ ಕಾಣುವುದಿಲ್ಲ: 2001ರ ಜನಗಣತಿಯಲ್ಲಿ 17.21 ಲಕ್ಷವಿದ್ದ ಜನಸಂಖ್ಯೆ 2011ರಲ್ಲಿ 17.76 ಲಕ್ಷವಾಗಿತ್ತು, ಅಷ್ಟೆ. ಜಿಲ್ಲೆಯ ಮೊತ್ತ ನಿಂತಲ್ಲೇ ನಿಂತಿದ್ದರೂ ಒಳಗೆ ಜನ ಜಾಗ ಬದಲಿಸುತ್ತಿದ್ದರು, ಮತ್ತು ಅವರು ಬಂದು ಸೇರುತ್ತಿದ್ದದ್ದು ಇಂಥ ಅಂಚಿನ ಊರುಗಳಿಗೆ. ಮುಂದಿನ ಜನಗಣತಿ ನಡೆಯದೆ ಹೋದದ್ದರಿಂದ ನಮ್ಮ ಕೆಲಸದ ಹೊತ್ತಿಗೂ ಪಂಚಾಯಿತಿಯ ಕಪಾಟಿನಲ್ಲಿದ್ದ ಅಧಿಕೃತ ಜನಸಂಖ್ಯೆ 2011ರದ್ದೇ.

ಊರಿನಲ್ಲಿ ನಾಲ್ಕು ಭಾಗಗಳಿದ್ದವು. ಗ್ರಾಮಠಾಣಾದೊಳಗಿನ ಹಳೆಯ ಊರು ದೇವಸ್ಥಾನದ ಸುತ್ತ ಮೇಗಲಕೇರಿ, ಕೆಳಗಲಕೇರಿ ಎಂದು ಹರಡಿತ್ತು. ಜಮೀನಿರುವ ಕುಟುಂಬಗಳು, ಹಂಚಿನ ಮನೆಗಳ ಪಕ್ಕದಲ್ಲಿ ತಾರಸಿಯ ಮನೆಗಳು, ಮನೆಮುಂದೆ ಒಂದೆರಡು ಹಸು, ಬೆಳಗ್ಗೆ ಸಂಜೆ ಡೈರಿಗೆ ಹಾಲು. ಅದರಿಂದ ಸ್ವಲ್ಪ ದೂರಕ್ಕೆ, ಕೆರೆಯ ಕೋಡಿಯ ಬದಿಗೆ, ಎಲ್ಲರೂ ಕಾಲೋನಿ ಎಂದು ಕರೆಯುವ ಪರಿಶಿಷ್ಟ ಜಾತಿಯವರ ಕೇರಿ. ಹೆದ್ದಾರಿಯ ಕಡೆಗೆ ಬ್ಯಾಂಕಿನವರು, ಶಿಕ್ಷಕರು, ನಿವೃತ್ತರು ಮನೆ ಕಟ್ಟಿಕೊಂಡ ಬಡಾವಣೆ. ಕೊನೆಯದಾಗಿ, ಹಳೆಯ ಊರಿನ ಹಿತ್ತಲುಗಳಲ್ಲೂ ಹೊಲದ ಬದಿಗಳಲ್ಲೂ ಸಾಲಾಗಿ ಎದ್ದ ಒಂದು ಕೋಣೆಯ ಶೀಟಿನ ಮನೆಗಳು, ಅಂದರೆ ವಠಾರಗಳು. ಅಲ್ಲಿದ್ದವರು ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಗಾರೆ ಕೆಲಸದವರು, ಹೋಟೆಲ್ ಕಾರ್ಮಿಕರು, ಜಿಲ್ಲೆಯ ಇತರ ತಾಲ್ಲೂಕುಗಳಿಂದ ಬಂದ ಕುಟುಂಬಗಳು, ಉತ್ತರ ಕರ್ನಾಟಕದಿಂದಲೂ ಹೊರರಾಜ್ಯಗಳಿಂದಲೂ ಬಂದ ಕೆಲವರು.

ಈ ನಾಲ್ಕು ಭಾಗದವರು ಒಂದೇ ನಿಲ್ದಾಣದಲ್ಲಿ ಬಸ್ಸು ಹತ್ತುತ್ತಿದ್ದರು. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಬಂದ ಮೇಲೆ ಕಾಲೋನಿಯ ಹುಡುಗಿಯರು ನಗರದ ಕಾಲೇಜಿಗೆ ಹೋಗುವುದು ಕಣ್ಣಿಗೆ ಕಾಣುವಷ್ಟು ಹೆಚ್ಚಿತ್ತು. ಆದರೆ ಊರಹಬ್ಬದ ವಂತಿಗೆ ಎತ್ತುವಾಗ ಪಟ್ಟಿಯಲ್ಲಿದ್ದದ್ದು ಹಳೆಯ ಊರು ಮತ್ತು ಕಾಲೋನಿ ಮಾತ್ರ. ಬಡಾವಣೆಯವರು ಕೇಳಿದರೆ ಕೊಡುತ್ತಿದ್ದರು. ವಠಾರದವರನ್ನು ಯಾರೂ ಕೇಳುತ್ತಿರಲಿಲ್ಲ.

ಸಮಸ್ಯೆ

2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ ವರ್ಷ ಅದು. 2024ರ ಫೆಬ್ರುವರಿಗೆ ಗ್ರಾಮದ ಕೊಳವೆಬಾವಿಗಳ ಪೈಕಿ ಒಂದು ಬತ್ತಿತು, ಇನ್ನೊಂದು ಬಿಟ್ಟು ಬಿಟ್ಟು ನೀರೆತ್ತತೊಡಗಿತು. ಹೇಮಾವತಿಯ ನೀರು ಕುಡಿಯುವ ನಗರದ ಪಕ್ಕದಲ್ಲೇ ಇದ್ದರೂ ಗ್ರಾಮದ ಓವರ್‌ಹೆಡ್ ಟ್ಯಾಂಕಿಗೆ ಅಂತರ್ಜಲವೇ ಆಧಾರ. ಎರಡು ದಿನಕ್ಕೊಮ್ಮೆ ಬರುತ್ತಿದ್ದ ನೀರು ನಾಲ್ಕು ದಿನಕ್ಕೊಮ್ಮೆ ಆಯಿತು. ಸಿಸ್ಟನ್ ಎನ್ನುವ ಬೀದಿಯ ನೀರಿನ ತೊಟ್ಟಿಯ ಬಳಿ ಕೊಡದ ಸಾಲಿನಲ್ಲಿ ತಳ್ಳಾಟಗಳಾದವು. ವಠಾರದ ಒಬ್ಬ ಯುವತಿಯ ಕೊಡಗಳನ್ನು ಎತ್ತಿ ಚರಂಡಿಗೆ ಎಸೆದ ಪ್ರಸಂಗ ಪೊಲೀಸರವರೆಗೆ ಹೋಗಿ ರಾಜಿಯಾಯಿತು.

ಊರಿನಲ್ಲಿ ಕಾರಣದ ಬಗ್ಗೆ ಅನುಮಾನವಿರಲಿಲ್ಲ. "ಬಾಡ್ಗೆಯೋರು ಬರೋಕ್ ಮುಂಚೆ ಈ ಊರಲ್ಲಿ ನೀರಿಗೆ ಜಗಳ ಆಡಿದ್ದು ನಾ ಕಾಣೆ" ಎಂದು ಹಳೆಯ ಊರಿನ ಹಿರಿಯರೊಬ್ಬರು ನಮಗೆ ಮೊದಲ ದಿನವೇ ಹೇಳಿದರು. ಬಡಾವಣೆಯವರ ಅಭಿಪ್ರಾಯವೂ ಹೆಚ್ಚುಕಡಿಮೆ ಅದೇ ಆಗಿತ್ತು. ಸ್ವಂತ ಕೊಳವೆಬಾವಿ, ಸಂಪು ಇದ್ದದ್ದರಿಂದ ಅವರಿಗೆ ಬಿಸಿ ತಟ್ಟಿದ್ದು ಕಡಿಮೆ. ಪಂಚಾಯಿತಿಯ ದಾಖಲೆ ಮಾತ್ರ ಬೇರೆಯದನ್ನೇ ಹೇಳುತ್ತಿತ್ತು: ಜಲಜೀವನ್ ಮಿಷನ್ ಅಡಿ ಪ್ರತಿ ಮನೆಗೂ ನಳವಿದೆ, ದಿನಕ್ಕೆ ತಲಾ 55 ಲೀಟರಿನ ಲೆಕ್ಕಕ್ಕೆ ಟ್ಯಾಂಕಿನ ಗಾತ್ರ ಸರಿಯಿದೆ, ಸಮಸ್ಯೆ ತಾತ್ಕಾಲಿಕ.

ಪಂಚಾಯಿತಿ ಸುಮ್ಮನೆ ಕೂತಿರಲಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಗೋಮಾಳದಲ್ಲಿ ಹೊಸ ಕೊಳವೆಬಾವಿ ಕೊರೆಸಿತು. ಅದು ಕೆಲವು ವಾರ ನೀರು ಕೊಟ್ಟು ಸೊರಗಿತು. ಖಾಸಗಿ ಟ್ಯಾಂಕರ್ ತರಿಸಿತು. ಬಳಿಕ ಸರದಿ ಮಾಡಿತು: ಬೆಳಗ್ಗೆ ಹಳೆಯ ಊರಿಗೆ, ಮಧ್ಯಾಹ್ನ ವಠಾರಗಳಿಗೆ, ಮರುದಿನ ಕಾಲೋನಿಗೆ. ಸರದಿ ನೋಡಲು ಸಮನಾಗಿತ್ತು. ಆದರೆ ಬೆಳಗ್ಗೆ ಏಳರ ಹೊತ್ತಿಗೆ ಕಾರ್ಖಾನೆಯ ಬಸ್ಸು ಹತ್ತಿ ಸಂಜೆ ಕತ್ತಲಾಗುವಾಗ ಇಳಿಯುವ ಹೆಂಗಸರಿಗೆ ಮಧ್ಯಾಹ್ನದ ನೀರು ಇದ್ದೂ ಇಲ್ಲದಂತೆಯೇ. ಅವರ ಪಾಲಿನ ನೀರು ಹಿಡಿಯುವವರಿಲ್ಲದೆ ಹರಿಯಿತು, ಇಲ್ಲವೇ ಮನೆಯಲ್ಲಿದ್ದವರ ಡ್ರಮ್ಮು ಸೇರಿತು. ರಾತ್ರಿ ಅವರು ಹಳೆಯ ಊರಿನ ನಳಗಳಿಗೆ ಬಂದು ನಿಂತಾಗ ಜಗಳ ಇನ್ನೂ ಜೋರಾಯಿತು.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ನಮ್ಮ ಕಾಲೇಜನ್ನು ಕೇಳಿಕೊಂಡದ್ದು ಈ ಹಂತದಲ್ಲಿ. ವಾರ್ಷಿಕ ಯೋಜನೆಗೆ ಗ್ರಾಮದ ಚಿತ್ರಣ ಬೇಕಿತ್ತು, ಜೊತೆಗೆ ನೀರಿನ ಸಮಸ್ಯೆಗೆ ಹೊರಗಿನವರ ನೋಟವೊಂದು ಸಿಕ್ಕರೆ ಒಳ್ಳೆಯದೆಂದು ಅವರಿಗೆ ಅನ್ನಿಸಿತ್ತು.

ಐದು ಪಟ್ಟಿಗಳು

ಮನೆ ಮನೆಗೆ ಹೋಗುವ ಮೊದಲು, ಈಗಾಗಲೇ ಇರುವ ಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕೆಂದು ನಿರ್ಧರಿಸಿದೆವು. ಇಡೀ ಕೆಲಸದಲ್ಲಿ ಇದು ಮೊದಲ ಮುಖ್ಯ ತೀರ್ಮಾನ. ಪಂಚಾಯಿತಿಯ ತೆರಿಗೆ ಪಟ್ಟಿ, ಮತದಾರರ ಪಟ್ಟಿ, ನ್ಯಾಯಬೆಲೆ ಅಂಗಡಿಯ ಪಡಿತರ ಪಟ್ಟಿ, ಊರಿಗೆ ನೀರು ಬಿಡುವ ನೀರುಗಂಟಿಯ ಬಳಿ ಇದ್ದ ನಳ ಸಂಪರ್ಕಗಳ ಪಟ್ಟಿ, ಆಶಾ ಕಾರ್ಯಕರ್ತೆಯ ಮನೆಭೇಟಿಯ ಪುಸ್ತಕ. ಅಂಗನವಾಡಿಯ ದಾಖಲೆಯನ್ನೂ ನೋಡಿದೆವು, ಆದರೆ ಅದು ಆಶಾ ಅವರ ಪುಸ್ತಕದ ಜೊತೆ ಬಹುತೇಕ ಹೊಂದುತ್ತಿತ್ತು.

ಐದೂ ಪಟ್ಟಿಗಳು ಐದು ಬೇರೆ ಬೇರೆ ಊರುಗಳನ್ನು ತೋರಿಸಿದವು. ತೆರಿಗೆ ಪಟ್ಟಿಗೆ ಆಸ್ತಿ ಮುಖ್ಯ. ಹತ್ತು ಕೋಣೆಗಳ ವಠಾರ ಅದರಲ್ಲಿ ಒಂದೇ ಸಾಲು. ಮತದಾರರ ಪಟ್ಟಿಯಲ್ಲಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಬೆಂಗಳೂರಿನಲ್ಲಿ ನೆಲೆಸಿದ ಗಂಡುಮಕ್ಕಳೂ ಇನ್ನೂ ಊರಿನಲ್ಲೇ ಇದ್ದರು. ವಠಾರದವರ ಮತ ಅವರವರ ಹುಟ್ಟೂರಿನಲ್ಲಿತ್ತು. ಪಡಿತರ ಚೀಟಿಯೂ ಹಾಗೆಯೇ. ನಳ ಸಂಪರ್ಕದ ಪಟ್ಟಿ ತೆರಿಗೆ ಪಟ್ಟಿಯನ್ನು ಹಿಂಬಾಲಿಸಿತ್ತು. ವಠಾರದ ಕೋಣೆ ಕೋಣೆಯ ಒಳಗೆ ಯಾರಿದ್ದಾರೆ ಎಂಬುದು ಬರೆದಿದ್ದದ್ದು ಆಶಾ ಅವರ ಪುಸ್ತಕದಲ್ಲಿ ಮಾತ್ರ, ಯಾಕೆಂದರೆ ಅವರು ಗರ್ಭಿಣಿಯರನ್ನೂ ಚುಚ್ಚುಮದ್ದು ಹಾಕಿಸಬೇಕಾದ ಮಕ್ಕಳನ್ನೂ ಹುಡುಕಿಕೊಂಡು ಹೋಗುವವರು. ಸಾವಿರ ಜನಕ್ಕೊಬ್ಬ ಆಶಾ ಎಂಬ ಲೆಕ್ಕದಲ್ಲಿ ನೇಮಕವಾದ ಆ ಹೆಣ್ಣುಮಗಳು ತನ್ನ ಪಾಲಿಗೆ ಬಂದ ಜನ ಎಷ್ಟು ಹೆಚ್ಚಿದ್ದಾರೆಂದು ಬಲ್ಲವರಾಗಿದ್ದರು. ಅವರನ್ನು ಯಾರೂ ಕೇಳಿರಲಿಲ್ಲ.

ಟ್ಯಾಂಕಿನ ಗಾತ್ರ ಸರಿಯಿದೆ ಎಂಬ ಮಾತು ಎಲ್ಲಿಂದ ಬಂತೆಂಬುದು ಇದರಿಂದ ಸ್ಪಷ್ಟವಾಯಿತು. 55 ಲೀಟರನ್ನು ಗುಣಿಸಿದ್ದದ್ದು 2011ರ ಜನಸಂಖ್ಯೆಗೆ ಒಂದಷ್ಟು ಸೇರಿಸಿದ ಸಂಖ್ಯೆಯಿಂದ. ವಠಾರದ ಜನ ಆ ಗುಣಾಕಾರದ ಒಳಗೇ ಇರಲಿಲ್ಲ. ಅಂಗನವಾಡಿ ಕೇಂದ್ರ, ಪಂಚಾಯಿತಿಯ ಸದಸ್ಯ ಸ್ಥಾನ, ಹಣಕಾಸು ಆಯೋಗದ ಅನುದಾನ, ಇವೆಲ್ಲಕ್ಕೂ ಜನಸಂಖ್ಯೆಯೇ ಬುಡ. ಒಂದು ಪಟ್ಟಿಯಲ್ಲಿ ಬಿಟ್ಟುಹೋದವರು ಎಲ್ಲ ಕಡೆಯೂ ಬಿಟ್ಟುಹೋಗುವುದು ಹೀಗೆ, ಯಾರೂ ಕೆಟ್ಟ ಉದ್ದೇಶ ಇಟ್ಟುಕೊಳ್ಳದೆಯೇ.

ಸಂಜೆಯ ಎಣಿಕೆ

ಎರಡನೆಯ ತೀರ್ಮಾನ ಹೊತ್ತಿನ ಬಗ್ಗೆ. ಹಗಲು ಹತ್ತರಿಂದ ನಾಲ್ಕರವರೆಗೆ ಸಮೀಕ್ಷೆ ಮಾಡಿದರೆ ಊರಿನಲ್ಲಿ ಸಿಗುವವರು ಮುದುಕರು, ಸಣ್ಣ ಮಕ್ಕಳು ಮತ್ತು ಜಮೀನಿರುವವರು. ಹಾಗಾಗಿ ವಠಾರಗಳಿಗೆ ಸಂಜೆ ಮತ್ತು ಭಾನುವಾರ ಹೋಗುವುದೆಂದು ಗೊತ್ತುಮಾಡಿದೆವು. ವಿದ್ಯಾರ್ಥಿನಿಯರ ಮನೆಯವರ ಒಪ್ಪಿಗೆ, ವಾಪಸಾಗಲು ವಾಹನ, ಜೊತೆಗೆ ಆಶಾ ಕಾರ್ಯಕರ್ತೆ, ಇಷ್ಟನ್ನು ಮೊದಲೇ ಹೊಂದಿಸಿಕೊಳ್ಳದೆ ಇದು ಸಾಧ್ಯವಾಗುತ್ತಿರಲಿಲ್ಲ.

ಮೂರನೆಯ ತೀರ್ಮಾನದ ಮೇಲೆ ನಮ್ಮೊಳಗೇ ದೀರ್ಘ ಚರ್ಚೆ ನಡೆಯಿತು. ಏನೇನು ಬರೆದುಕೊಳ್ಳಬೇಕು? ಮಾಲೀಕರಿಗೆ, ಕೋಣೆಗಳ ಲೆಕ್ಕ ಸಿಕ್ಕರೆ ತೆರಿಗೆ ಏರುತ್ತದೆಂಬ ಅಂಜಿಕೆ. ಬಾಡಿಗೆಗೆ ಇದ್ದವರಿಗೆ, ಅದರಲ್ಲೂ ಹೊರರಾಜ್ಯದವರಿಗೆ, ಹೆಸರು ಬರೆಸಿದರೆ ಯಾರೋ ಬಂದು ಎಬ್ಬಿಸಿ ಕಳಿಸುತ್ತಾರೆಂಬ ಭಯ. ಪೂರ್ತಿ ವಿವರ ಬರೆದುಕೊಂಡರೆ ಸರ್ಕಾರದ ಸೌಲಭ್ಯ ಕೊಡಿಸಲು ಅನುಕೂಲ ಎಂದು ಕೆಲವು ವಿದ್ಯಾರ್ಥಿಗಳು ವಾದಿಸಿದರು, ಆ ವಾದದಲ್ಲಿ ಹುರುಳಿತ್ತು. ಕೊನೆಗೆ ಹೆಸರು, ಹುಟ್ಟೂರು, ಜಾತಿ, ಧರ್ಮ ಯಾವುದನ್ನೂ ವಠಾರದಲ್ಲಿ ಕೇಳುವುದಿಲ್ಲವೆಂದು ನಿಶ್ಚಯಿಸಿದೆವು. ಒಲೆ ಎಷ್ಟು, ತಲೆ ಎಷ್ಟು, ಮನೆಯಲ್ಲಿರುವ ಹೊತ್ತು ಯಾವುದು, ನೀರು ಎಲ್ಲಿಂದ, ಶೌಚಾಲಯ ಎಲ್ಲಿ, ಆರು ವರ್ಷದೊಳಗಿನ ಮಕ್ಕಳಿದ್ದಾರೆಯೇ, ಬಾಡಿಗೆಯ ಜೊತೆ ಇನ್ನೇನಕ್ಕೆ ಹಣ ಕೊಡುತ್ತೀರಿ, ಇಷ್ಟೇ ಪ್ರಶ್ನೆ. ಒಂದೇ ಅಡುಗೆಯಲ್ಲಿ ಉಣ್ಣುವವರು ಒಂದು ಕುಟುಂಬ ಎಂಬ ಜನಗಣತಿಯ ನಿಯಮವನ್ನೇ ಹಿಡಿದು ಒಲೆಯನ್ನು ಎಣಿಸಿದೆವು. ಈ ಸಂಯಮದಿಂದ ಕಳೆದುಕೊಂಡದ್ದೂ ಇದೆ. ಯಾರಿಗೆ ಯಾವ ಪಿಂಚಣಿ ಸಿಗಬೇಕಿತ್ತು ಎಂದು ಹೇಳಲು ಆ ಮಾಹಿತಿ ಸಾಲದು. ಆದರೂ ಅಲ್ಲಿ ಬಾಗಿಲು ತೆರೆದದ್ದು ನಾವು ಹೆಸರು ಕೇಳುವುದಿಲ್ಲ ಎಂಬ ಸುದ್ದಿ ಒಂದು ಸಾಲಿನಿಂದ ಇನ್ನೊಂದಕ್ಕೆ ಹೋದ ಮೇಲೆಯೇ, ಹಾಗಾಗಿ ಆ ತೀರ್ಮಾನವನ್ನು ನಾನು ಈಗಲೂ ಸಮರ್ಥಿಸುತ್ತೇನೆ.

ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹತ್ತು ಅಡಿಗೆ ಹತ್ತು ಅಡಿಯಷ್ಟು ಕೋಣೆ, ಮೇಲೆ ಸಿಮೆಂಟ್ ಶೀಟು, ಒಂದು ಮೂಲೆಯಲ್ಲಿ ಗ್ಯಾಸ್ ಒಲೆ, ಇನ್ನೊಂದು ಮೂಲೆಯಲ್ಲಿ ನೀರು ತುಂಬಿದ ಡ್ರಮ್ಮು. ಮಾರ್ಚ್‌ನಲ್ಲಿ ಒಳಗೆ ಕೂರಲಾಗದಷ್ಟು ಧಗೆ. ಒಂದು ಸಾಲಿಗೆಲ್ಲ ಒಂದೋ ಎರಡೋ ಶೌಚಾಲಯ. ಬೆಳಗ್ಗೆ ಐದರಿಂದಲೇ ಸರದಿ, ಕಾರ್ಖಾನೆಯ ಬಸ್ಸು ತಪ್ಪಿದರೆ ಆ ದಿನದ ಸಂಬಳ ಹೋಯಿತು. ಹಲವು ಹೆಣ್ಣುಮಕ್ಕಳು ಈ ಕಾರಣಕ್ಕೆ ರಾತ್ರಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು, ಮೂತ್ರದ ಸೋಂಕು ಪದೇ ಪದೇ ಬರುವ ಬಗ್ಗೆ ಆಶಾ ಅವರ ಬಳಿ ಹೇಳಿಕೊಂಡಿದ್ದರು. ಇಡೀ ಸಾಲಿಗೆ ವಿದ್ಯುತ್ ಕಂಪನಿ ಚೆಸ್ಕಾಂನ ಒಂದೇ ಮೀಟರು, ಕೋಣೆಗಳಿಗೆ ಮಾಲೀಕರೇ ಹಾಕಿಸಿದ ಸಬ್ ಮೀಟರು. ಎಲ್ಲರ ಬಳಕೆ ಸೇರಿ 200 ಯೂನಿಟ್ ದಾಟುವುದರಿಂದ ಗೃಹಜ್ಯೋತಿಯ ಉಚಿತ ವಿದ್ಯುತ್ ಅವರಿಗೆ ದಕ್ಕಿರಲಿಲ್ಲ. ಎದುರಿನ ತಾರಸಿ ಮನೆಗೆ ಕರೆಂಟು ಉಚಿತ, ಶೀಟಿನ ಕೋಣೆಗೆ ದುಡ್ಡು. ಎರಡು ವಠಾರಗಳ ಸೆಪ್ಟಿಕ್ ಟ್ಯಾಂಕ್ ತುಂಬಿ ಮಳೆನೀರಿನ ಚರಂಡಿಗೆ ಹರಿಯುತ್ತಿತ್ತು. ಚರಂಡಿ ಕೆರೆಗೆ ಹೋಗುತ್ತದೆ, ಕೆರೆಯ ಮೇಲೆ ಅಂತರಗಂಗೆ ಹಬ್ಬಿತ್ತು, ಅಚ್ಚುಕಟ್ಟಿನ ಗದ್ದೆಗೆ ಇಳಿದವರಿಗೆ ಕಾಲು ತುರಿಸುತ್ತಿತ್ತು.

ಮಾಲೀಕರ ಬದುಕನ್ನೂ ಹೇಳದಿದ್ದರೆ ಚಿತ್ರ ವಾಲುತ್ತದೆ. ನಾಲ್ಕು ಕೋಣೆ ಕಟ್ಟಿಸಿದ್ದ ಒಬ್ಬ ವಿಧವೆ ತನ್ನ ಗಂಡ ಶುಂಠಿಯಲ್ಲಿ ಮಾಡಿಟ್ಟ ಸಾಲವನ್ನು ಆ ಬಾಡಿಗೆಯಿಂದಲೇ ತೀರಿಸುತ್ತಿದ್ದರು. ಅವರಿಗೂ, ಮೂವತ್ತು ಕೋಣೆ ಕಟ್ಟಿಸಿ ನಗರದಲ್ಲಿ ವಾಸಿಸುವ ಮಾಲೀಕರಿಗೂ ಒಂದೇ ಅಳತೆ ಹಿಡಿಯುವುದು ಸರಿಯಲ್ಲ ಎಂದು ನಮ್ಮ ಟಿಪ್ಪಣಿಯಲ್ಲಿ ಆಗಲೇ ಬರೆದುಕೊಂಡೆವು, ಮುಂದೆ ಅದು ಉಪಯೋಗಕ್ಕೆ ಬಂತು.

ಒಂದು ಕೊಡ ತುಂಬುವ ಹೊತ್ತು

ಶಾಲೆಯ ಅಂಗಳದಲ್ಲಿ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಸಿದೆವು. ಹಿರಿಯರು ದೇವಸ್ಥಾನ, ಕೆರೆ, ಏರಿ, ತೂಬು, ಗುಂಡುತೋಪು, ಸ್ಮಶಾನ ಎಲ್ಲವನ್ನೂ ಅಚ್ಚುಕಟ್ಟಾಗಿ ತೋರಿಸಿದರು. ವಠಾರಗಳನ್ನು ಅವರು ಬರೆಯಲಿಲ್ಲ. ಅಲ್ಲಿನ ಮಕ್ಕಳ ಜೊತೆ ಆಡುವ ಶಾಲಾ ಬಾಲಕಿಯೊಬ್ಬಳು ಬಂದು ಗೆರೆ ಎಳೆದಳು. ಆ ನಕ್ಷೆಯ ಮೇಲೆ ನೀರಿನ ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನೀರುಗಂಟಿ ತೋರಿಸಿದಾಗ ಒಬ್ಬ ವಿದ್ಯಾರ್ಥಿ ಕೇಳಿದ ಪ್ರಶ್ನೆ ಪ್ರಕರಣದ ದಿಕ್ಕನ್ನೇ ಬದಲಿಸಿತು: ಕೊನೆಯ ನಳದಲ್ಲಿ ನೀರು ಎಷ್ಟು ಬರುತ್ತದೆ?

ಮೀಟರು ಇಲ್ಲದ ಊರಿನಲ್ಲಿ ಅಳೆಯಲು ನಾವು ಹಿಡಿದ ದಾರಿ ಸರಳ. ನೀರು ಬಿಟ್ಟ ಹೊತ್ತಿನಲ್ಲಿ, ಒಂದೇ ಅಳತೆಯ ಪ್ಲಾಸ್ಟಿಕ್ ಕೊಡವನ್ನು ಬೇರೆ ಬೇರೆ ನಳಗಳಿಗೆ ಹಿಡಿದು ತುಂಬಲು ಎಷ್ಟು ಹೊತ್ತಾಯಿತೆಂದು ಮೊಬೈಲಿನಲ್ಲಿ ನೋಡಿ ಬರೆಯುವುದು. ಬೇರೆ ಬೇರೆ ಸರದಿಗಳಲ್ಲಿ ಅದನ್ನು ಮತ್ತೆ ಮಾಡುವುದು. ದೇವಸ್ಥಾನದ ಬಳಿಯ ನಳದಲ್ಲಿ ಮಾತು ಮುಗಿಯುವುದರೊಳಗೆ ಕೊಡ ತುಂಬುತ್ತಿತ್ತು. ವಠಾರಗಳಲ್ಲಿ ಅದಕ್ಕಿಂತ ತುಸು ನಿಧಾನ. ಕಾಲೋನಿಯ ಕೊನೆಯ ನಳದಲ್ಲಿ ಅದಕ್ಕೆ ಹಲವು ಪಟ್ಟು ಹೊತ್ತು, ಟ್ಯಾಂಕಿನ ಮಟ್ಟ ಇಳಿದ ದಿನ ಕೊಡ ಅರ್ಧಕ್ಕೆ ನಿಲ್ಲುತ್ತಿತ್ತು. ಕಾಲೋನಿಗೆ ಪ್ರತ್ಯೇಕ ಪೈಪು ಇರಲಿಲ್ಲ; ಹಳೆಯ ಊರಿನ ಪೈಪೇ ಸಣ್ಣದಾಗಿ ಮುಂದುವರಿದಿತ್ತು, ನಡುವಿನ ಗೇಟ್‌ವಾಲ್ವ್ ಕಾಲೋನಿಯ ಸರದಿಯಲ್ಲೂ ಮೇಲಿನ ನಳಗಳನ್ನು ಪೂರ್ತಿ ಮುಚ್ಚುತ್ತಿರಲಿಲ್ಲ. ಬಾಡಿಗೆಯವರ ಮೇಲಿನ ದೂರು ಊರನ್ನೆಲ್ಲ ತುಂಬಿದ್ದ ಆ ತಿಂಗಳುಗಳಲ್ಲಿ, ಬಾಡಿಗೆಯವರಿಗಿಂತ ಕಡಿಮೆ ನೀರು ಕಂಡ ಕೇರಿಯೊಂದು ಊರಿನ ಒಳಗೇ ಇತ್ತು. ಅವರ ದೂರು ಹೊಸದಲ್ಲವಾದ್ದರಿಂದ ಅದು ಯಾರ ಕಿವಿಗೂ ದೂರಾಗಿ ಕೇಳಿಸಿರಲಿಲ್ಲ.

ಭಾನುವಾರದ ವಾರ್ಡ್ ಸಭೆ

ವಾರ್ಡ್ ಸಭೆಗಳು ಸಾಮಾನ್ಯವಾಗಿ ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೆ ನಡೆಯುತ್ತಿದ್ದವು. ಅದನ್ನು ಭಾನುವಾರ ಸಂಜೆಗೆ ಇಡಬೇಕೆಂದು ಕೇಳಿದೆವು. ಸಿಬ್ಬಂದಿಗೆ ರಜೆ ಹೋಗುತ್ತದೆಂಬ ಆಕ್ಷೇಪ ಬಂತು. ಅಭಿವೃದ್ಧಿ ಅಧಿಕಾರಿ ತಾವೇ ಬರುವುದಾಗಿ ಒಪ್ಪಿದ್ದರಿಂದ ಸಭೆ ನಡೆಯಿತು. ವಾರ್ಡಿನ ಮತದಾರರಲ್ಲದವರು ಮಾತಾಡಬಹುದೇ ಎಂಬ ಪ್ರಶ್ನೆಯೂ ಎದ್ದಿತು. ಮತ ಹಾಕಿ ನಿರ್ಣಯಿಸುವುದು ಮತದಾರರಿಗೆ ಬಿಟ್ಟದ್ದು, ಕೇಳಿಸಿಕೊಳ್ಳುವುದಕ್ಕೆ ಅಡ್ಡಿಯೇನಿಲ್ಲ ಎಂದು ಅಧ್ಯಕ್ಷತೆ ವಹಿಸಿದ್ದ ಸದಸ್ಯೆ ಹೇಳಿದ ಮಾತು ಸಭೆಯನ್ನು ಉಳಿಸಿತು.

ಮೊದಲು ಗೋಡೆಗೆ ಅಂಟಿಸಿದ್ದು ಕೊಡ ತುಂಬುವ ಹೊತ್ತಿನ ಪಟ್ಟಿಯನ್ನು. ಅದನ್ನು ಓದಿ ಹೇಳಿದ ಮೇಲೆ, ನಮಗೆ ಮೊದಲ ದಿನ ಸಿಕ್ಕಿದ್ದ ಹಿರಿಯರು ಅದೇ ಮಾತನ್ನು ಮತ್ತೆ ಆಡಿದರು. ಕಾಲೋನಿಯ ಮಧ್ಯವಯಸ್ಸಿನ ಹೆಂಗಸೊಬ್ಬರು ಕೂತಲ್ಲಿಂದ ಎದ್ದರು: "ಬಾಡ್ಗೆಯೋರು ಬರೋಕ್ ಮುಂಚೇನೂ ನಮ್ ಕೇರಿಗೆ ನೀರು ಹಿಂಗೇ ಬರ್ತಿತ್ತು ಗೌಡ್ರೆ." ಅವರು ಕೋಪದಿಂದ ಹೇಳಲಿಲ್ಲ. ಹಿರಿಯರು ಗೋಡೆಯ ಪಟ್ಟಿಯನ್ನು ಇನ್ನೊಮ್ಮೆ ಓದಿಸಿ ಕೇಳಿದರು, ಆಮೇಲೆ ನೀರುಗಂಟಿಯ ಕಡೆ ತಿರುಗಿ ವಾಲ್ವ್ ಬಗ್ಗೆ ಪ್ರಶ್ನೆ ಹಾಕತೊಡಗಿದರು.

ಎರಡನೆಯ ತಿರುವು ಹಣದ ವಿಷಯದಲ್ಲಿ ಬಂತು. ವಠಾರದವರು ಕಂದಾಯ ಕಟ್ಟದೆ ಪುಕ್ಕಟೆ ನೀರು ಕುಡಿಯುತ್ತಾರೆಂದು ಯಾರೋ ಹೇಳಿದಾಗ ಗಾರ್ಮೆಂಟ್ಸಿನ ಯುವತಿಯೊಬ್ಬಳು ಉತ್ತರಿಸಿದಳು: "ನಾವು ತಿಂಗ್ಳಾ ತಿಂಗ್ಳಾ ಬಾಡ್ಗೆ ಜೊತೆ ನೀರಿನ ದುಡ್ಡೂ ಕೊಡ್ತೀವಣ್ಣ. ಅದು ಪಂಚಾಯ್ತಿಗೆ ಹೋಗುತ್ತೋ ಇಲ್ವೋ ನಮಗೆ ಗೊತ್ತಿಲ್ಲ." ಸಂಜೆಯ ಎಣಿಕೆಯಲ್ಲಿ ಸಾಲು ಸಾಲಿಗೆ ಇದೇ ಉತ್ತರ ಬಂದಿತ್ತು. ಪ್ರತಿ ಕೋಣೆಯಿಂದ ಮಾಲೀಕರು ನೀರಿನ ಹಣ ಪಡೆಯುತ್ತಿದ್ದರು, ಪಂಚಾಯಿತಿಗೆ ಕಟ್ಟುತ್ತಿದ್ದದ್ದು ಒಂದು ಸಂಪರ್ಕದ ಶುಲ್ಕ. ಅದನ್ನು ನಾವೇ ಹೇಳದೆ, ಹೇಳಬೇಕಾದವರು ಹೇಳಲೆಂದು ಕಾದಿದ್ದೆವು. ದೊಡ್ಡ ಮಾಲೀಕರೊಬ್ಬರು ಸಭೆಯಿಂದ ಎದ್ದು ಹೋದರು. ಉಳಿದವರ ನಡುವೆ ಚರ್ಚೆ ಮೊದಲ ಬಾರಿಗೆ ಬಾಡಿಗೆಯವರನ್ನು ಬಿಟ್ಟು ವ್ಯವಸ್ಥೆಯ ಬಗ್ಗೆ ನಡೆಯಿತು.

ಮುಂದೆ ಆದದ್ದು

ಹೊಸ ಕೊಳವೆಬಾವಿಗೆ ಇಟ್ಟಿದ್ದ ಹಣದಲ್ಲಿ ಮೊದಲು ಕಾಲೋನಿಗೆ ಟ್ಯಾಂಕಿನಿಂದ ನೇರ ಪೈಪು ಮತ್ತು ಪ್ರತ್ಯೇಕ ವಾಲ್ವ್ ಹಾಕಿಸಬೇಕೆಂದು ತೀರ್ಮಾನವಾಯಿತು, ಆ ಕೆಲಸ ಮುಂಗಾರು ಹಿಡಿಯುವ ಮುನ್ನ ಮುಗಿಯಿತು. ಕೊಡ ಹಿಡಿದು ಮತ್ತೆ ಅಳೆದೆವು. ಅಂತರ ಪೂರ್ತಿ ಹೋಗದಿದ್ದರೂ ಬಹಳಷ್ಟು ಇಳಿದಿತ್ತು. ವಠಾರದ ಸರದಿ ಮಧ್ಯಾಹ್ನದಿಂದ ರಾತ್ರಿ ಏಳಕ್ಕೆ ಬಂತು. ನೀರುಗಂಟಿಗೆ ಇದರಿಂದ ಕೆಲಸದ ಹೊತ್ತು ಹೆಚ್ಚಿತು, ಅವರ ಗೌರವಧನ ಹೆಚ್ಚಲಿಲ್ಲ. ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ನೀರಿನ ಶುಲ್ಕವನ್ನು ಒಲೆಯ ಲೆಕ್ಕದಲ್ಲಿ ವಿಧಿಸುವ ನಿರ್ಣಯವಾಯಿತು. ನಾಲ್ಕು ಕೋಣೆಯವರೆಗಿನ ಮಾಲೀಕರಿಗೆ ರಿಯಾಯಿತಿ, ಅದಕ್ಕೂ ಹೆಚ್ಚಿರುವವರು ಸ್ವಂತ ಸಂಪು ಮತ್ತು ಕೋಣೆಗಳಿಗೆ ತಕ್ಕಷ್ಟು ಶೌಚಾಲಯ ಕಟ್ಟಿಸಬೇಕು. ಇಬ್ಬರು ಕಟ್ಟಿಸಿದರು. ಉಳಿದವರು ನೋಟಿಸಿಗೆ ಉತ್ತರ ಕೊಡುತ್ತಾ ಕಾಲ ತಳ್ಳಿದರು. ಇನ್ನು, ಹೆಚ್ಚಿದ ಶುಲ್ಕವನ್ನು ಬಹುತೇಕ ಎಲ್ಲರೂ ಬಾಡಿಗೆಗೆ ಸೇರಿಸಿದರು. ಕೆಲವು ಕುಟುಂಬಗಳು ಅದನ್ನು ತಾಳಲಾರದೆ ಇನ್ನೂ ದೂರದ ಊರಿಗೆ ಹೋದವು. ನೀರಿನ ನ್ಯಾಯ ಕೇಳಿದವರಲ್ಲೇ ಕೆಲವರು ಆ ನ್ಯಾಯದ ಬೆಲೆ ತೆತ್ತದ್ದು ಈ ಪ್ರಕರಣದಲ್ಲಿ ನನ್ನನ್ನು ಅತ್ಯಂತ ನೋಯಿಸಿದ ಸಂಗತಿ. ಬಾಡಿಗೆಯ ಮೇಲೆ ಪಂಚಾಯಿತಿಗೆ ಹಿಡಿತವಿಲ್ಲ; ಶುಲ್ಕವನ್ನು ಕೋಣೆಯಲ್ಲಿರುವವರು ನೇರವಾಗಿ ಪಂಚಾಯಿತಿಗೆ ಕಟ್ಟಿ ರಸೀದಿ ಪಡೆಯುವ ಏರ್ಪಾಡು ಆಗಿದ್ದರೆ ಇದು ಇಷ್ಟಾಗುತ್ತಿರಲಿಲ್ಲ ಎಂದು ತೋರುತ್ತದೆ.

ವಠಾರದ ಮಕ್ಕಳು ಅಂಗನವಾಡಿಗೆ ಬರತೊಡಗಿದರು, ಗರ್ಭಿಣಿಯರಿಗೆ ಅಂಗನವಾಡಿಯಲ್ಲಿ ಕೊಡುವ ಮಾತೃಪೂರ್ಣ ಯೋಜನೆಯ ಊಟದ ವಿಷಯ ತಿಳಿಯಿತು. ಹೆಚ್ಚಿನವರಿಗೆ ಕಾರ್ಖಾನೆಯ ಹೊತ್ತಿನಿಂದಾಗಿ ಅದನ್ನು ಉಣ್ಣಲಾಗಲಿಲ್ಲ. ಎರಡನೆಯ ಅಂಗನವಾಡಿ ಕೇಂದ್ರದ ಬೇಡಿಕೆ ಜನಸಂಖ್ಯೆಯ ಅಂಕಿ ಎಂಬ ಗೋಡೆಗೆ ಬಡಿದು ನಿಂತಿತು. ಕೆರೆಗೆ ಹರಿಯುವ ಕೊಳಚೆಯಲ್ಲಿ ಮನೆಗಳ ಬಚ್ಚಲ ನೀರಿನ ಪಾಲು ಇಂಗುಗುಂಡಿಗಳಿಂದ ಸ್ವಲ್ಪ ಕಡಿಮೆಯಾಯಿತು, ಸೆಪ್ಟಿಕ್ ಟ್ಯಾಂಕಿನದು ಆಗಲಿಲ್ಲ.

ಮುಂದಿನ ಊರಹಬ್ಬಕ್ಕೆ ವಠಾರದ ಕೆಲವರಿಂದ ವಂತಿಗೆ ಪಡೆದರು. ವಿದ್ಯಾರ್ಥಿಗಳು ಇದನ್ನು ದೊಡ್ಡ ಬದಲಾವಣೆಯೆಂದು ವರದಿಯಲ್ಲಿ ಬರೆಯಲು ಬಯಸಿದರು. ಕಾಲೋನಿಯವರು ತಲೆಮಾರುಗಳಿಂದ ವಂತಿಗೆ ಕೊಟ್ಟೂ ಕೊನೆಯ ನಳದಲ್ಲೇ ಉಳಿದಿದ್ದರೆಂಬುದನ್ನು ನೆನಪಿಸಿದ ಮೇಲೆ ಆ ವಾಕ್ಯವನ್ನು ಅವರೇ ತೆಗೆದರು.

ಇಂಥ ಕೆಲಸ ಮಾಡುವವರಿಗೆ

ಗ್ರಾಮದ ಚಿತ್ರಣ ಬರೆಯುವವರು ಸಾಮಾನ್ಯವಾಗಿ ಪ್ರಶ್ನಾವಳಿಯ ಬಗ್ಗೆ ಬಹಳ ತಲೆಕೆಡಿಸಿಕೊಳ್ಳುತ್ತಾರೆ. ಈ ಪ್ರಕರಣದಲ್ಲಿ ನಿರ್ಣಾಯಕವಾದದ್ದು ಯಾವ ಹೊತ್ತಿಗೆ ಹೋದೆವು, ಯಾವ ಪಟ್ಟಿಯಿಂದ ಶುರುಮಾಡಿದೆವು ಎಂಬುದು. ನಗರದಂಚಿನ ಊರಿನಲ್ಲಿ ತೆರಿಗೆ ಪಟ್ಟಿಯಿಂದ ಮಾದರಿ ಆರಿಸಿದರೆ ಬಾಡಿಗೆದಾರರು ಆರಂಭದಲ್ಲೇ ಹೊರಗುಳಿಯುತ್ತಾರೆ, ಆಮೇಲೆ ಎಷ್ಟೇ ಜಾಣ ಪ್ರಶ್ನೆ ಕೇಳಿದರೂ ಅವರು ಒಳಗೆ ಬರುವುದಿಲ್ಲ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಪುಸ್ತಕದಿಂದ ಆರಂಭಿಸಿ, ಅವರ ಜ್ಞಾನಕ್ಕೆ ವರದಿಯಲ್ಲಿ ಸಲ್ಲಬೇಕಾದ ಮನ್ನಣೆ ಕೊಡಿ.

ಅಳತೆಯ ಬಗ್ಗೆ ಒಂದು ಮಾತು. ಕೊಡದ ಲೆಕ್ಕ ಎಂಜಿನಿಯರುಗಳ ಅಳತೆಯಷ್ಟು ನಿಖರವಲ್ಲ, ಆದರೆ ಸಭೆಯಲ್ಲಿ ಕೂತ ಪ್ರತಿಯೊಬ್ಬರೂ ಅದನ್ನು ತಾವೇ ಪರೀಕ್ಷಿಸಬಹುದಿತ್ತು. ಮರುದಿನ ಮೂವರು ಪರೀಕ್ಷಿಸಿಯೂ ನೋಡಿದರು. ಬಾಡಿಗೆಯವರ ಮೇಲಿನ ಹೊಸ ದೂರನ್ನು ಪರಿಶೀಲಿಸಲು ಹೊರಟಾಗ ಊರಿನ ಎಲ್ಲ ಕೇರಿಗಳನ್ನೂ ಅದೇ ಕೊಡದಲ್ಲಿ ಅಳೆದದ್ದರಿಂದಲೇ ಕಾಲೋನಿಯ ಹಳೆಯ ಕೊರತೆ ಬೆಳಕಿಗೆ ಬಂತು. ಜಗಳದ ಎರಡು ಪಕ್ಷಗಳನ್ನು ಮಾತ್ರ ಅಳೆದಿದ್ದರೆ ಮೂರನೆಯವರು ಕಾಣುತ್ತಿರಲಿಲ್ಲ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1ನ್ನು ಉಲ್ಲೇಖ ದಿನವಾಗಿಟ್ಟು ಅಧಿಸೂಚನೆ ಹೊರಟ ಮೇಲೆ ನಾವು ನಕ್ಷೆಯ ಪ್ರತಿಯೊಂದನ್ನು ಪಂಚಾಯಿತಿಗೆ ಮತ್ತೆ ಕೊಟ್ಟೆವು, ಹೆಸರಿಲ್ಲದೆ, ಕೋಣೆಗಳ ಸಾಲು ಮತ್ತು ಒಲೆಗಳ ಲೆಕ್ಕ ಮಾತ್ರ ಇರುವಂತೆ. ವಠಾರಗಳ ಪ್ರತಿ ಬಾಗಿಲಿಗೂ ಸಂಖ್ಯೆ ಬರೆಸಬೇಕೆಂಬ ಬೇಡಿಕೆಯನ್ನು ಸಭೆ ಒಪ್ಪಿತು. ಹಳೆಯ ಊರಿನ ಹಿತ್ತಲಿನ ಸಾಲುಗಳಲ್ಲಿ ಆ ಕೆಲಸ ಆಗಿದೆ. ಹೊಲದ ಬದಿಯ ಸಾಲುಗಳು ಭೂಪರಿವರ್ತನೆಯಾಗದ ಜಮೀನಿನಲ್ಲಿರುವುದರಿಂದ ಅಲ್ಲಿಗೆ ಸಂಖ್ಯೆ ಕೊಟ್ಟರೆ ಕಟ್ಟಡವನ್ನೇ ಒಪ್ಪಿದಂತಾಗುತ್ತದೆಂಬ ಅಳುಕು ಪಂಚಾಯಿತಿಗಿದೆ. ಎಣಿಕೆಗಾಗಿ ಮಾತ್ರ ಬಳಸುವ, ಹಕ್ಕುಪತ್ರಕ್ಕೆ ಸಂಬಂಧವಿಲ್ಲದ ತಾತ್ಕಾಲಿಕ ಸಂಖ್ಯೆ ಸಾಕೆಂದು ಬರೆದುಕೊಟ್ಟಿದ್ದೇವೆ. ಆ ಪತ್ರ ತಾಲ್ಲೂಕು ಕಚೇರಿಯ ಅಭಿಪ್ರಾಯಕ್ಕೆ ಹೋಗಿದೆ.